ಗೂಟ ಮೇಸ್ತ್ರಿಯ ಎರಡೂವರೆ ಸುತ್ತು

ಐವತ್ತೊಂದು ವರ್ಷ ತುಂಬುವ ತನಕ ಮೇಸ್ತ್ರಿ ಒಂದೇ ಒಂದು ಸಲವೂ ಕುಣಿದವರಲ್ಲ. ತಮ್ಮ ಮದುವೆಯ ದಿನ ಗೆಳೆಯರೆಲ್ಲ ಸೇರಿ ಕೈ ಹಿಡಿದು ಎಳೆದರು. ಎಳೆದ ರಭಸಕ್ಕೆ ಹೊಸ ಅಂಗಿಯ ತೋಳು ಹರಿಯಿತೇ ಹೊರತು ಮನುಷ್ಯ ಕದಲಲಿಲ್ಲ, ನೆಟ್ಟ ಗೂಟದ ಹಾಗೆ ನಿಂತೇ ಇದ್ದರು. ಅಂದಿನಿಂದ ಅವರು ಎಲ್ಲರ ಬಾಯಲ್ಲೂ ಗೂಟ ಮೇಸ್ತ್ರಿ. ಮರಗೆಲಸದವನಿಗೆ ಅದೇನು ಬೈಗುಳವೇ ಎಂದು ಅವರೂ ಸುಮ್ಮನಿದ್ದುಬಿಟ್ಟರು.

ಮರದ ನೆಲ ಹಾಸುವುದು ಅವರ ಕಸುಬು. ಹಲಗೆಗೆ ಹಲಗೆ ಕೂಡಿಸಿದರೆ ನಡುವೆ ಉಗುರು ಹೋಗಬಾರದು, ನೀರು ಚೆಲ್ಲಿದರೆ ಎತ್ತಲೂ ಹರಿಯದೆ ಅಲ್ಲೇ ನಿಲ್ಲಬೇಕು, ಅಂಥ ಕೈ. ಆ ವರ್ಷ ಹಳೆಯ ಮುದ್ರಣಾಲಯವೊಂದರ ಮೇಲಿನ ಮಹಡಿಯಲ್ಲಿ ಬ್ಯಾಲೆ ಕಲಿಸುವ ಶಾಲೆ ತೆರೆಯಿತು. ಅಲ್ಲಿನ ಹಾಲ್‌ಗೆ ನೆಲ ಹಾಸಿದವರು ಇವರೇ. ಕುಣಿಯುವವರ ಮಂಡಿಗೆ ಪೆಟ್ಟಾಗದಂತೆ ಹಲಗೆಯ ಕೆಳಗೆ ರಬ್ಬರು ತುಂಡುಗಳನ್ನಿಟ್ಟು, ತುಳಿದರೆ ಕೂದಲೆಳೆಯಷ್ಟು ಬಗ್ಗುವ ಹಾಗೆ ಮಾಡಿಕೊಟ್ಟಿದ್ದರು. ಅದರ ಬಗ್ಗೆ ಅವರಿಗೆ ಸಣ್ಣ ಜಂಬವೂ ಇತ್ತು.

ಎರಡು ತಿಂಗಳಾದ ಮೇಲೆ ಶಾಲೆಯ ಟೀಚರ್ ಫೋನ್ ಮಾಡಿದರು.

"ಮೇಸ್ತ್ರೀ, ನಿಮ್ಮ ನೆಲ ಕಿರುಗುಟ್ತಾ ಇದೆ."

"ನನ್ನ ನೆಲಾನಾ? ಸಾಧ್ಯಾನೇ ಇಲ್ಲ."

"ಬಂದು ಕೇಳಿಸ್ಕೊಳ್ಳಿ."

ಮೇಸ್ತ್ರಿ ಫೋನ್ ಇಟ್ಟು, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಗೊಣಗಿದರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಹೆಂಡತಿ ದಾರ ಕಚ್ಚಿ ಕತ್ತರಿಸುತ್ತಾ, "ಹೋಗಿ ನೋಡ್ಕೊಂಡು ಬನ್ರೀ, ಗಾದೆ ಆಮೇಲೆ ಹೇಳೋರಂತೆ," ಎಂದರು. ಅವರು ಮನೆಯಲ್ಲೇ ಬಟ್ಟೆ ಹೊಲಿದುಕೊಡುತ್ತಿದ್ದ ದರ್ಜಿ. ಗಂಡನ ಗಾದೆಗಳಿಗೆ ಸೋಲುವವರಲ್ಲ.

ಮರುದಿನ ಮಧ್ಯಾಹ್ನ ಹಾಲ್ ಖಾಲಿ ಇದ್ದ ಹೊತ್ತಿನಲ್ಲಿ ಮೇಸ್ತ್ರಿ ಹೋದರು. ಚಪ್ಪಲಿ ಬಿಟ್ಟು, ಕಾಲುಚೀಲ ಹಾಕಿಕೊಂಡು ಉದ್ದಕ್ಕೂ ಅಡ್ಡಕ್ಕೂ ನಡೆದರು. ಸುತ್ತಿಗೆಯ ಹಿಡಿಯಿಂದ ಹಲಗೆಹಲಗೆಯನ್ನೂ ತಟ್ಟಿದರು. ನೆಲ ತುಟಿ ಪಿಟಿಕ್ಕೆನ್ನಲಿಲ್ಲ.

"ನಡೆದ್ರೆ ಬರಲ್ಲ ಮೇಸ್ತ್ರೀ. ತಿರುಗಿದ್ರೆ ಮಾತ್ರ," ಎಂದ ಟೀಚರ್ ಹಾಲ್‌ನ ನಟ್ಟನಡುವೆ ನಿಂತರು. ಒಂದು ಕಾಲು ಮುಂದೆ, ಒಂದು ಹಿಂದೆ, ಮಂಡಿ ಸ್ವಲ್ಪ ಬಗ್ಗಿತು. ಆಮೇಲೆ ಏನಾಯಿತೆಂದು ಮೇಸ್ತ್ರಿಗೆ ತಿಳಿಯಲೇ ಇಲ್ಲ. ಒಂಟಿ ಕಾಲಿನ ಬೆರಳುಗಳ ಮೇಲೆ ಆಕೆ ಗಿರ್ರನೆ ಮೂರು ಸುತ್ತು ಸುತ್ತಿ, ಏನೂ ಆಗಿಲ್ಲವೆಂಬಂತೆ ಇವರ ಮುಖ ನೋಡುತ್ತಾ ನಿಂತಿದ್ದರು. "ಕೇಳಿಸ್ತಾ?"

"ಏನು?"

"ಸದ್ದು!"

ಮೇಸ್ತ್ರಿ ಸದ್ದು ಕೇಳುವುದನ್ನೇ ಮರೆತಿದ್ದರು. ಎರಡನೇ ಸಲ ನೆಲಕ್ಕೆ ಕಿವಿಯಿಟ್ಟು ಮಲಗಿದಾಗ 'ಕೀಂಯ್' ಎಂದದ್ದು ಕೇಳಿಸಿತು. ಆದರೆ ಯಾವ ಹಲಗೆ ಎಂದು ಹಿಡಿಯುವಷ್ಟರಲ್ಲಿ ಸುತ್ತು ಮುಗಿದಿತ್ತು. ಅಷ್ಟರಲ್ಲಿ ಫೋನ್ ಬಂದು ಟೀಚರ್ ಪಕ್ಕದ ಕೋಣೆಗೆ ಹೋದರು. ಹಾಲ್‌ನಲ್ಲಿ ಮೇಸ್ತ್ರಿ ಒಬ್ಬರೇ ಉಳಿದರು.

ಕಾಯುವುದೇಕೆ, ತಿರುಗಿದರೆ ತಾನೇ ಸದ್ದು ಬರುವುದು, ತಾನೇ ತಿರುಗಿದರಾಯಿತು ಎಂದುಕೊಂಡರು. ಟೀಚರ್ ನಿಂತಲ್ಲೇ ನಿಂತರು. ಮಂಡಿ ಬಗ್ಗಿಸಿದರು. ಕೈ ಬೀಸಿ ಒಮ್ಮೆ ಜೋರಾಗಿ ತಿರುಗಿದರು. ಕನ್ನಡಿ ಹೋಯಿತು, ಕಿಟಕಿ ಬಂತು, ಪೇರಿಸಿಟ್ಟ ಕುರ್ಚಿಗಳು ಬಂದವು, ಮತ್ತೆ ಕನ್ನಡಿ ಬರುವಷ್ಟರಲ್ಲಿ ಮೇಸ್ತ್ರಿ ಧೊಪ್ಪೆಂದು ಕೂತಿದ್ದರು. ಕೂತ ಮೇಲೂ ಹಾಲ್ ನಿಲ್ಲಲಿಲ್ಲ, ಇನ್ನೂ ಸುತ್ತುತ್ತಲೇ ಇತ್ತು. ಅವರಿಗೆ ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆಯಲ್ಲಿ. ತಡೆದಷ್ಟೂ ಉಕ್ಕಿತು. ಟೀಚರ್ ಓಡಿ ಬಂದಾಗ ಅವರು ಕಣ್ಣೀರು ಒರೆಸಿಕೊಳ್ಳುತ್ತಿದ್ದರು.

"ಅಯ್ಯೋ, ಏಟಾಯ್ತಾ?"

"ಇಲ್ಲ ಇಲ್ಲ. ಇನ್ನೊಂದ್ಸಲ ತಿರುಗ್ಲಾ?"

ಆ ಇನ್ನೊಂದು ಸಲದಲ್ಲಿ ಹಲಗೆ ಸಿಕ್ಕಿಬಿತ್ತು. ಸಡಿಲವಾದ ಒಂದು ತಿರುಪುಮೊಳೆ ಮರಕ್ಕೆ ಉಜ್ಜುತ್ತಿತ್ತು. ರಿಪೇರಿಗೆ ಹತ್ತು ನಿಮಿಷ ಸಾಕಾಯಿತು. ಸಾಮಾನು ಚೀಲಕ್ಕೆ ತುಂಬಿಕೊಳ್ಳುವುದಕ್ಕೆ ಮಾತ್ರ ಮೇಸ್ತ್ರಿ ಮುಕ್ಕಾಲು ಗಂಟೆ ತೆಗೆದುಕೊಂಡರು. ಅಷ್ಟರಲ್ಲಿ ಸಂಜೆಯ ತರಗತಿ ಶುರುವಾಗಿತ್ತು. ಉಳಿ ಒರೆಸಿದ್ದನ್ನೇ ಒರೆಸುತ್ತಾ ಬಾಗಿಲ ಬಳಿ ನಿಂತ ಅವರನ್ನು ಟೀಚರ್ ನೋಡಿದರು.

"ಭಾನುವಾರ ಬೆಳಿಗ್ಗೆ ಏಳಕ್ಕೆ ದೊಡ್ಡವರ ಕ್ಲಾಸ್ ಇದೆ ಮೇಸ್ತ್ರೀ. ಬನ್ನಿ."

"ನನಗೆ ವಯಸ್ಸೆಷ್ಟು ಗೊತ್ತಾ?"

"ಎಪ್ಪತ್ತರವರೊಬ್ರು ಬರ್ತಾರೆ. ನಿಮಗಿಂತ ಚೆನ್ನಾಗಿ ಬೀಳ್ತಾರೆ."

ಮನೆಯಲ್ಲಿ ಮೇಸ್ತ್ರಿ, "ಆ ಹಾಲ್‌ದು ಭಾನುವಾರ ಸ್ವಲ್ಪ ಕೆಲಸ ಬಾಕಿ ಇದೆ," ಎಂದಷ್ಟೇ ಹೇಳಿದರು. ಸುಳ್ಳು ಎಂದು ಅವರಿಗೆ ಅನಿಸಲಿಲ್ಲ. ಕೆಲಸ ಬಾಕಿ ಇದ್ದದ್ದಂತೂ ನಿಜ.

ಭಾನುವಾರದ ತರಗತಿಯಲ್ಲಿ ಐದು ಜನ. ಊರಲ್ಲೇ ಎಲ್ಲೋ ಕ್ಲಿನಿಕ್ ಇಟ್ಟಿದ್ದ ಡಾಕ್ಟರಮ್ಮ, ಎಪ್ಪತ್ತು ದಾಟಿದ ನಿವೃತ್ತ ಗಣಿತದ ಮೇಷ್ಟ್ರು, ಗ್ರಂಥಾಲಯದಲ್ಲಿ ಕೆಲಸ ಮಾಡುವ ಇಬ್ಬರು ಅಕ್ಕತಂಗಿಯರು, ಇವರು. ಮೊದಲ ಅರ್ಧ ಗಂಟೆ ಗೋಡೆಗೆ ಜೋಡಿಸಿದ ಕಂಬಿ ಹಿಡಿದು ಮಾಡುವ ಅಭ್ಯಾಸ. ಮೇಸ್ತ್ರಿ ಕಂಬಿಯನ್ನು ಮರ ಹೆರೆಯುವ ರಂದ ಹಿಡಿದಂತೆ ಬಿಗಿಯಾಗಿ ಹಿಡಿದರು.

"ಸ್ವಲ್ಪ ಸಡಿಲ ಬಿಡಿ ಮೇಸ್ತ್ರೀ. ಕಂಬಿ ಎಲ್ಲೂ ಓಡಿಹೋಗಲ್ಲ."

ಅದಾದ ಮೇಲೆ ಟೀಚರ್ ಚಪ್ಪಾಳೆ ತಟ್ಟಿ "ಸೆಂಟರ್!" ಎಂದರು. ಕಂಬಿ ಬಿಟ್ಟು ಹಾಲ್‌ನ ನಡುವೆ ಬಂದು, ಅದೇ ಹೆಜ್ಜೆಗಳನ್ನು ಏನನ್ನೂ ಹಿಡಿಯದೆ ಮಾಡಬೇಕು. ಕಂಬಿಯ ಬಳಿ ಗಂಡುಗಲಿಯಂತಿದ್ದ ಮೇಸ್ತ್ರಿ ನಡುವೆ ಬಂದದ್ದೇ ತಡ, ಒಂದು ಕಾಲು ಮುರಿದ ಸ್ಟೂಲಾದರು. ಪಾದ ಮುಂದಕ್ಕೆ ಚಾಚಿದರೆ ಸೊಂಟ ಹಿಂದಕ್ಕೆ ಹೋಗುತ್ತಿತ್ತು. ಬಲಗೈ ಎತ್ತಿದರೆ ಎಡಗಾಲು ಏಳುತ್ತಿತ್ತು. ವಾಲುತ್ತಾ ವಾಲುತ್ತಾ ಹೋಗಿ ಗಣಿತದ ಮೇಷ್ಟ್ರ ಮೇಲೆಯೇ ಒರಗಿದರು. ಮೇಷ್ಟ್ರು ಕದಲದೆ, "ಕೋನ ತಪ್ಪಿದೆ. ಸರಿ ಮಾಡ್ಕೊಳ್ಳಿ," ಎಂದರು. ನೆಲ ಡೊಂಕು ಎನ್ನೋಣವೆಂದರೆ, ಆ ನೆಲ ಹಾಸಿದ ಪುಣ್ಯಾತ್ಮ ತಾವೇ.

ಸುತ್ತು ಕಲಿಸುವುದು ತರಗತಿಯ ಕೊನೆಯಲ್ಲಿ. ಅದಕ್ಕೆ ಪಿರುಯೆಟ್ ಎಂದು ಹೆಸರು. ಮೇಸ್ತ್ರಿಯ ಬಾಯಲ್ಲಿ ಅದು ಹೊರಳಲಿಲ್ಲ, ಕೊನೆಯವರೆಗೂ ಅವರು 'ಸುತ್ತು' ಎಂದೇ ಕರೆದರು. ಹಿಂದಿನ ಕಾಲಿನಿಂದ ನೆಲವನ್ನು ಒತ್ತಿ, ಮುಂದಿನ ಕಾಲಿನ ಮುಂಗಾಲ ಮೇಲೆ ಏರಿ, ಹಿಂದಿನ ಪಾದವನ್ನು ಮಂಡಿಯ ಬಳಿ ತಂದು, ಕೈಯನ್ನು ದೊಡ್ಡ ಬಿಂದಿಗೆ ಅಪ್ಪಿಕೊಂಡಂತೆ ದುಂಡಗೆ ಮುಚ್ಚಬೇಕು. ಕಣ್ಣು ಎದುರಿನ ಒಂದೇ ಗುರುತಿನ ಮೇಲಿರಬೇಕು. ಮೈ ತಿರುಗಿದರೂ ತಲೆ ಕೊನೆಗೆ ಹೊರಡಬೇಕು, ಎಲ್ಲಕ್ಕಿಂತ ಮೊದಲು ವಾಪಸು ಬರಬೇಕು. "ಮದುವೆ ಊಟಕ್ಕೆ ಹೋಗೋ ನೆಂಟರ ಥರ, ಲೇಟಾಗಿ ಹೊರಟು ಬೇಗ ವಾಪಸ್ಸು," ಎಂದರು ಅಕ್ಕತಂಗಿಯರಲ್ಲಿ ತಂಗಿ.

ಮೇಸ್ತ್ರಿ ಗೋಡೆಯ ಮೇಲಿದ್ದ ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನು ಗುರುತು ಮಾಡಿಕೊಂಡರು. ಆದರೆ ತಿರುಗುವ ಕ್ಷಣಕ್ಕೆ ಸರಿಯಾಗಿ ಕಣ್ಣು ತಾನಾಗಿ ನೆಲಕ್ಕೆ ಇಳಿಯುತ್ತಿತ್ತು. ಮೂವತ್ತು ವರ್ಷ ಹಲಗೆ ನೋಡಿದ ಕಣ್ಣು.

"ನೆಲ ನೋಡಿದ್ರೆ ನೆಲಕ್ಕೇ ಹೋಗ್ತೀರಿ," ಎಂದರು ಟೀಚರ್. "ಮತ್ತೆ, ಸುತ್ತಬೇಕು ಸುತ್ತಬೇಕು ಅಂತ ಯೋಚನೆ ಮಾಡ್ಬೇಡಿ. ಮೇಲಕ್ಕೆ ಹೋಗಿ. ಸುತ್ತು ತಾನಾಗೇ ಬರತ್ತೆ."

ಬರಲಿಲ್ಲ. ವಾರಗಟ್ಟಲೆ ಬರಲಿಲ್ಲ. ಪ್ರತಿ ಸಲವೂ ಮುಕ್ಕಾಲು ಸುತ್ತು ಸುತ್ತಿ ಕಿಟಕಿಯ ಕಡೆ ಮುಖ ಮಾಡಿ ನಿಂತುಬಿಡುತ್ತಿದ್ದರು. "ಕಿಟಕಿ ಸ್ಟಾಪ್ ಬಂತು, ಇಳೀರಿ ಇಳೀರಿ," ಎಂದು ಡಾಕ್ಟರಮ್ಮ ಬಸ್ ಕಂಡಕ್ಟರ್ ಧಾಟಿಯಲ್ಲಿ ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು, ಎಲ್ಲರಿಗಿಂತ ಜೋರಾಗಿ ಮೇಸ್ತ್ರಿಯೇ. ತಲೆ ಗಿರಗಿರ, ಹೊಟ್ಟೆಯಲ್ಲಿ ಕಚಗುಳಿ, ಭಾನುವಾರ ಕಳೆದರೆ ಮುಂದಿನ ಭಾನುವಾರದ ಧ್ಯಾನ.

ಅಷ್ಟಕ್ಕೇ ತೃಪ್ತಿಯಾಗದೆ ಅವರು ಮನೆಯಲ್ಲೂ ಶುರು ಮಾಡಿದರು. ಬೆಳಿಗ್ಗೆ ಐದೂವರೆಗೆ, ಎಲ್ಲರೂ ಏಳುವ ಮೊದಲು, ಅಡುಗೆಮನೆಗೂ ನಡುಮನೆಗೂ ಮಧ್ಯದ ಜಾಗದಲ್ಲಿ, ಗೋಡೆ ಗಡಿಯಾರವನ್ನು ಗುರುತು ಮಾಡಿಕೊಂಡು ಅಭ್ಯಾಸ. ಒಂದು ದಿನ ಎಪ್ಪತ್ತೆಂಟರ ತಾಯಿ ನೀರು ಕುಡಿಯಲು ಎದ್ದು ಬಂದರು. ಮಗ ಒಂಟಿ ಕಾಲಲ್ಲಿ ಸುತ್ತಿ, ಗೋಡೆ ಹಿಡಿದು, ಕಿಸಿಕಿಸಿ ನಗುತ್ತಿದ್ದ.

"ಏನೋ ಮಗಾ ಅದು?"

"ಸೊಳ್ಳೆ ಅಮ್ಮಾ."

"ಸಿಕ್ತಾ?"

"ಇನ್ನೂ ಇಲ್ಲ."

ತಾಯಿ ನಂಬಿದರು. ಹೆಂಡತಿ ನಂಬುವವರಲ್ಲ. ಗಂಡ ಬಾಗಿಲ ಚೌಕಟ್ಟು ಹಿಡಿದು ತೂರಾಡುವುದನ್ನು ಅವರು ಎರಡು ಮೂರು ಸಲ ಕಂಡಿದ್ದರು. ಒಂದು ದಿನ ಕಾಫಿ ಕೊಡುತ್ತಾ ನೇರವಾಗಿ ಕೇಳಿದರು.

"ರೀ, ನಿಜ ಹೇಳಿ. ತಲೆ ಸುತ್ತತ್ತಾ?"

ನಿಜ ಹೇಳು ಎಂದರೆ ಏನು ಹೇಳುವುದು? "ಸುತ್ತತ್ತೆ," ಎಂದರು ಮೇಸ್ತ್ರಿ.

ಮುಗಿಯಿತು. ಹೆಂಡತಿ ಯಂತ್ರಕ್ಕೆ ಮುಸುಕು ಹಾಕಿ, ಗಂಡನ ಕೈ ಹಿಡಿದು ಹೊರಟೇಬಿಟ್ಟರು. ಬೇಡ ಎಂದದ್ದೆಲ್ಲ ನೀರಿನಲ್ಲಿ ಹೋಮ. ಬೇರೆ ಕ್ಲಿನಿಕ್ ಇನ್ನೂ ತೆರೆದಿರಲಿಲ್ಲವೆಂದು ತೆರೆದಿದ್ದ ಒಂದಕ್ಕೆ ಕರೆದೊಯ್ದರು. ಬಾಗಿಲ ಮೇಲಿನ ಹೆಸರು ಓದಿದ ಮೇಸ್ತ್ರಿಗೆ ಆಗ ನಿಜವಾಗಿಯೂ ತಲೆ ಸುತ್ತಿತು. ಒಳಗೆ ಕೂತಿದ್ದವರು 'ಕಿಟಕಿ ಸ್ಟಾಪ್' ಡಾಕ್ಟರಮ್ಮ.

ಡಾಕ್ಟರಮ್ಮ ಒಮ್ಮೆ ಇವರನ್ನು ನೋಡಿ, ಒಮ್ಮೆ ಹೆಂಡತಿಯನ್ನು ನೋಡಿ, ತುಟಿ ಕಚ್ಚಿಕೊಂಡು ಕಾಗದ ಎಳೆದುಕೊಂಡರು. "ಹೇಳಿ, ಏನು ತೊಂದರೆ?"

"ಬೆಳಿಗ್ಗೆ ಎದ್ದ ತಕ್ಷಣ ಜಾಸ್ತಿ ಡಾಕ್ಟ್ರೇ," ಎಂದರು ಹೆಂಡತಿ. "ತೂರಾಡ್ತಾರೆ, ಗೋಡೆ ಹಿಡ್ಕೊಳ್ತಾರೆ. ಆಮೇಲೆ ನಗ್ತಾರೆ. ಒಬ್ರೇ ನಗ್ತಾರೆ! ಅದೇ ನನಗೆ ಭಯ."

ಡಾಕ್ಟರಮ್ಮ ರಕ್ತದೊತ್ತಡ ನೋಡಿದರು. ಕಿವಿಗೆ ದೀಪ ಬಿಟ್ಟರು. ಎಲ್ಲ ಸರಿ ಇತ್ತು. ಗಂಭೀರವಾಗಿಯೇ ಕೇಳಿದರು, "ಯಾವ ಕಡೆಗೆ ಸುತ್ತತ್ತೆ?"

"ಬಲಕ್ಕೆ," ಎಂದರು ಮೇಸ್ತ್ರಿ, ನೆಲ ನೋಡುತ್ತಾ.

"ಎಡಕ್ಕೆ?"

"ಎಡಕ್ಕೆ ಇನ್ನೂ ಬರಲ್ಲ."

ಡಾಕ್ಟರಮ್ಮನ ಗಾಂಭೀರ್ಯ ಅಷ್ಟಕ್ಕೇ ಮುಗಿಯಿತು. ಮೇಜಿನ ಮೇಲೆ ತಲೆಯಿಟ್ಟು ನಕ್ಕರು. "ನಾನು ಹೇಳೋ ಹಾಗಿಲ್ಲ ಮೇಸ್ತ್ರೀ. ನೀವೇ ಹೇಳ್ಬಿಡಿ."

ಮೇಸ್ತ್ರಿ ಹೇಳಿದರು. ನೆಲ ಕಿರುಗುಟ್ಟಿದ್ದರಿಂದ ಹಿಡಿದು ಸೊಳ್ಳೆಯ ತನಕ ಎಲ್ಲವನ್ನೂ ಹೇಳಿದರು. ಹೆಂಡತಿ ಎಲ್ಲ ಕೇಳಿ, ಕೊನೆಗೆ, "ಎಲ್ಲಿ, ತೋರ್ಸಿ," ಎಂದರು.

"ಇಲ್ಲೇನಾ?"

"ಇಲ್ಲೇ."

ತೂಕದ ಯಂತ್ರಕ್ಕೂ ರೋಗಿಯ ಮಂಚಕ್ಕೂ ನಡುವೆ ಇದ್ದ ಜಾಗದಲ್ಲಿ ಮೇಸ್ತ್ರಿ ಮಂಡಿ ಬಗ್ಗಿಸಿ, ಕೈ ದುಂಡಗೆ ಮಾಡಿ, ತಿರುಗಿದರು. ಮುಕ್ಕಾಲು ಸುತ್ತಾಗಿ, ಕಣ್ಣು ಪರೀಕ್ಷೆಯ ಅಕ್ಷರಪಟದ ಎದುರು ನಿಂತರು. ಹೆಂಡತಿ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದು ಹೊರಗೆ ಕಾಯುತ್ತಿದ್ದ ರೋಗಿಗಳಿಗೂ ಕೇಳಿಸಿತು. ಇಬ್ಬರು ಬಾಗಿಲು ಸರಿಸಿ ಇಣುಕಿಯೂ ನೋಡಿದರು.

ಆದರೆ ಮನೆಗೆ ನಡೆದು ಬರುವಾಗ ಹೆಂಡತಿ ಬೀದಿಯ ತಿರುವಿನಲ್ಲಿ ನಿಂತು ಹೇಳಿದರು, "ಮೂರು ತಿಂಗಳು ಮುಚ್ಚಿಟ್ರಲ್ಲ. ನಾನು ಏನೇನೋ ರೋಗ ನೆನೆಸ್ಕೊಂಡು ಒದ್ದಾಡಿದೆ."

"ಹೇಳಿದ್ರೆ ನೀನು ನಗ್ತೀಯ ಅಂತ..."

"ನಗ್ತಿದ್ದೆ, ನಿಜ. ನಕ್ಕು ಮುಗಿಸಿ ಆಮೇಲೆ ಕೇಳ್ತಿದ್ದೆ."

ಮೇಸ್ತ್ರಿ, "ತಪ್ಪಾಯ್ತು ಮಾರಾಯ್ತಿ," ಎಂದರು. ಅದನ್ನು ಅವರು ಹೇಳುವುದು ಅಪರೂಪ. ಹೆಂಡತಿ ಅದಕ್ಕೆ ಬೆಲೆ ಕೊಟ್ಟರು.

ಮರುದಿನ ಐದೂವರೆಗೆ ಮೇಸ್ತ್ರಿ ಎದ್ದು ಬಂದರೆ, ಹೆಂಡತಿ ಆಗಲೇ ಸ್ಟೂಲಿನ ಮೇಲೆ ಕೂತಿದ್ದರು. ಕೊರಳಲ್ಲಿ ಅಳತೆ ಟೇಪು, ಮೂಗಿನ ತುದಿಯಲ್ಲಿ ಕನ್ನಡಕ.

"ತಿರುಗಿ, ನೋಡೋಣ."

ತಿರುಗಿದರು. "ಇನ್ನೊಂದ್ಸಲ." ತಿರುಗಿದರು. ಹೆಂಡತಿ ಎದ್ದು ಬಂದು ಅವರ ಎರಡೂ ಭುಜಗಳ ಮೇಲೆ ಕೈಯಿಟ್ಟರು.

"ತಿರುಗೋಕೆ ಮುಂಚೆ ನಿಮ್ಮ ಎಡ ಭುಜ ಇಳಿಯತ್ತೆ. ಎರಡು ಬೆರಳು. ಇಳಿದು ಹಿಂದಕ್ಕೆ ಹೋಗತ್ತೆ. ಅದಕ್ಕೇ ವಾಲ್ತೀರಿ."

"ಟೀಚರ್ ಹೇಳ್ಲೇ ಇಲ್ವಲ್ಲ?"

"ಟೀಚರ್ ಕಾಲು ನೋಡ್ತಾರೆ. ನಾನು ಇಪ್ಪತ್ತೇಳು ವರ್ಷದಿಂದ ನಿಮಗೆ ಅಂಗಿ ಹೊಲೀತಿದ್ದೀನಿ."

ಅಲ್ಲಿಂದ ಅಭ್ಯಾಸದ ದಾರಿಯೇ ಬದಲಾಯಿತು. ಸೂಜಿ ಚುಚ್ಚಿಡುವ ಪುಟ್ಟ ದಿಂಬನ್ನು ಹೆಂಡತಿ ಅವರ ಎಡ ಭುಜದ ಮೇಲೆ ಇಟ್ಟರು, ಸೂಜಿಗಳನ್ನು ತೆಗೆದು. ಅದು ಬೀಳಬಾರದು. ಮೊದಲು ಸುತ್ತೇ ಇಲ್ಲ. ಮುಂಗಾಲ ಮೇಲೆ ಏರಿ, ಇನ್ನೊಂದು ಪಾದ ಮಂಡಿಗಿಟ್ಟು, ಎಂಟು ಎಣಿಸುವ ತನಕ ನಿಲ್ಲುವುದು ಮಾತ್ರ. ಎರಡು ಎಣಿಸುವಷ್ಟರಲ್ಲಿ ದಿಂಬು ನೆಲದಲ್ಲಿರುತ್ತಿತ್ತು. ಸದ್ದಿಗೆ ಎದ್ದು ಬಂದ ತಾಯಿ ಕುರ್ಚಿ ಹಾಕಿಸಿಕೊಂಡು ಕೂತರು. ದಿಂಬು ಉರುಳಿದಾಗಲೆಲ್ಲ "ಬಿತ್ತು" ಎಂದು ಹೇಳುವ ಕೆಲಸವನ್ನು ಅವರೇ ವಹಿಸಿಕೊಂಡರು.

ನಿಲ್ಲುವುದು ಬಂದ ಮೇಲೆ ಕಾಲು ಸುತ್ತು.

"ಕಾಲು ಸುತ್ತು ಅಂದ್ರೆ ಕಾಲು ಮಾತ್ರ ಸುತ್ತೋದೇನೋ?" ಎಂದು ತಾಯಿ ಕೇಳಿದರು.

"ಅಲ್ಲಮ್ಮಾ, ನಾಲ್ಕರಲ್ಲಿ ಒಂದು ಪಾಲು."

"ಹಾಗಾದ್ರೆ ಕೈ, ತಲೆ ಎಲ್ಲ ಸೇರಿಸಿ ಸುತ್ತು. ಬಿತ್ತು."

ಕಾಲು ಸುತ್ತು, ಆಮೇಲೆ ಅರ್ಧ ಸುತ್ತು. ತಿರುಪುಮೊಳೆಯನ್ನು ಓರೆಯಾಗಿ ಒತ್ತಿದರೆ ಅದು ಮರವನ್ನು ಹಾಳುಮಾಡುತ್ತದೆಯೇ ಹೊರತು ಇಳಿಯುವುದಿಲ್ಲ, ನೆಟ್ಟಗೆ ಹಿಡಿದರೆ ಬೆಣ್ಣೆಯಲ್ಲಿ ಹೋದಂತೆ ಹೋಗುತ್ತದೆ. ಮೂವತ್ತು ವರ್ಷ ಕೈಗೆ ಗೊತ್ತಿದ್ದ ಈ ಮಾತು ಈಗ ಬೆನ್ನಿಗೂ ಗೊತ್ತಾಯಿತು. ಟೀಚರ್ 'ಮೇಲಕ್ಕೆ ಹೋಗಿ' ಎಂದದ್ದರ ಅರ್ಥ ಅದೇ.

ದಿಂಬಿನ ಅಭ್ಯಾಸ ಶುರುವಾದ ಮೇಲಿನ ಐದನೇ ಭಾನುವಾರ ಹಾಲ್‌ನಲ್ಲಿ ಅವರು ಏರಿದರು, ತಲೆ ತಿರುಗಿಸಿದರು, ಕೆಂಪು ಸಿಲಿಂಡರ್ ಹೋಯಿತು, ಕೆಂಪು ಸಿಲಿಂಡರ್ ಬಂತು. ಕಿಟಕಿ ದಾಟಿತ್ತು! ಅಕ್ಕತಂಗಿಯರು ಕಿರುಚಿಕೊಂಡರು, ಡಾಕ್ಟರಮ್ಮ ಸಿಳ್ಳೆ ಹಾಕಿದರು, ಗಣಿತದ ಮೇಷ್ಟ್ರು "ಮುನ್ನೂರ ಅರವತ್ತು ಡಿಗ್ರಿ, ಸರಿಯಾಗಿದೆ," ಎಂದು ಕೈ ಕುಲುಕಿದರು. ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಮೇಸ್ತ್ರಿಗೆ ಕೂರಲಾಗಲಿಲ್ಲ. ಎರಡು ಸ್ಟಾಪ್ ಮೊದಲೇ ಇಳಿದು, ಕಾಲು ನೆಲಕ್ಕೆ ತಾಗದವರಂತೆ ನಡೆದು ಬಂದರು. ಸೋಮವಾರ ಒಂದು ಹಲಗೆಯನ್ನು ಗೇಣುದ್ದ ಗಿಡ್ಡಗೆ ಕುಯ್ದರು. ಮೂವತ್ತು ವರ್ಷದಲ್ಲಿ ಮೊದಲ ಸಲ ಅಳತೆ ತಪ್ಪಿತ್ತು. ತುಂಡನ್ನು ಕೈಯಲ್ಲಿ ಹಿಡಿದು ನಕ್ಕದ್ದೇ ನಕ್ಕದ್ದು.

ವರ್ಷದ ಕೊನೆಗೆ ಟೀಚರ್ ಮನೆಯವರನ್ನೆಲ್ಲ ಕರೆದು ತರಗತಿ ತೋರಿಸುವ ಏರ್ಪಾಡು ಮಾಡಿದರು. ವೇಷವಿಲ್ಲ, ವೇದಿಕೆಯಿಲ್ಲ. ಭಾನುವಾರ ಬೆಳಿಗ್ಗೆ ಅದೇ ಹಾಲ್, ಒಂದು ಬದಿಗೆ ಕುರ್ಚಿಗಳು. ಮುಂದಿನ ಸಾಲಿನಲ್ಲಿ ಹೆಂಡತಿ, ಪಕ್ಕದಲ್ಲಿ ತಾಯಿ. ಮೇಸ್ತ್ರಿಗೆ ಹೆಂಡತಿ ಹೊಸ ಬಿಳಿ ಅಂಗಿ ಹೊಲಿದಿದ್ದರು, ಕಂಕುಳಲ್ಲಿ ಸ್ವಲ್ಪ ಸಡಿಲ ಬಿಟ್ಟು.

ಕಂಬಿಯ ಅಭ್ಯಾಸ ಮುಗಿಯಿತು. ನಡುವೆ ಬಂದು ನಿಧಾನದ ಹೆಜ್ಜೆಗಳೂ ಮುಗಿದವು. ಕೊನೆಗೆ ಒಬ್ಬೊಬ್ಬರಾಗಿ ಒಂದೊಂದು ಸುತ್ತು ತಿರುಗಿ, ನೋಡುವವರಿಗೆ ತಲೆಬಾಗಿ ನಮಸ್ಕರಿಸಿ ಹಿಂದೆ ಸರಿಯಬೇಕು. ಮೇಸ್ತ್ರಿಯ ಸರದಿ ಬಂತು. ಪಿಯಾನೋದ ರೆಕಾರ್ಡು ನುಡಿಯುತ್ತಿತ್ತು. ಮಂಡಿ ಬಗ್ಗಿತು. ಭುಜ ಇಳಿಯಲಿಲ್ಲ. ನೆಟ್ಟಗೆ ಮೇಲಕ್ಕೆ ಹೋದರು. ಕೆಂಪು ಸಿಲಿಂಡರ್ ಬಂತು, ಒಂದು. ಇಳಿಯಬೇಕಿತ್ತು. ಆದರೆ ಮೈ ಎತ್ತಲೂ ವಾಲುತ್ತಿರಲಿಲ್ಲ, ಇಳಿಯಲು ಕಾರಣವೇ ಕಾಣಲಿಲ್ಲ. ಸಿಲಿಂಡರ್ ಮತ್ತೆ ಬಂತು, ಎರಡು! 'ಅರೆ, ಎರಡು!' ಎಂಬ ಸಂತೋಷದಲ್ಲಿ ನಿಲ್ಲುವುದು ಮರೆತೇಹೋಯಿತು. ಇನ್ನೂ ಅರ್ಧ ಸುತ್ತು ಸುತ್ತಿ, ಎರಡೂ ಪಾದ ಊರಿ, ಅಚ್ಚುಕಟ್ಟಾಗಿ ನಿಂತರು, ಜನರಿಗೆ ಬೆನ್ನು ಹಾಕಿ.

ತಿರುಗಿದ ಮೇಲೆ ನಮಸ್ಕರಿಸಬೇಕೆಂದು ಹೇಳಿಕೊಟ್ಟಿದ್ದರು. ತಲೆಯೊಳಗೆ ಹಾಲ್ ಇನ್ನೂ ಗಿರಕಿ ಹೊಡೆಯುತ್ತಿತ್ತು. ಮೇಸ್ತ್ರಿ ತುಂಬು ಗೌರವದಿಂದ ಹಿಂದಿನ ಗೋಡೆಯ ಇನ್ನೊಂದು ದೊಡ್ಡ ಗಾಜಿನ ಕಿಟಕಿಯ ಕಡೆಗೇ ಬಾಗಿ ನಮಸ್ಕರಿಸಿದರು. ಎದುರು ಕಟ್ಟಡದ ಬೊಂಬಿನ ಸಾರುವೆಯ ಮೇಲೆ ಗೋಡೆಗೆ ಬಣ್ಣ ಬಳಿಯುತ್ತಿದ್ದವನೊಬ್ಬ, ತನಗೇ ನಮಸ್ಕಾರವೆಂದುಕೊಂಡು ಕುಂಚ ಎತ್ತಿ ಮರುನಮಸ್ಕಾರ ಮಾಡಿದ.

"ಆ ಕಡೆ ಯಾರಿದ್ದಾರೋ ಮಗಾ?" ಎಂದು ತಾಯಿ ಗಟ್ಟಿಯಾಗಿ ಕೇಳಿದರು.

ಹಾಲ್ ಬಿದ್ದು ಬಿದ್ದು ನಕ್ಕಿತು, ಚಪ್ಪಾಳೆ ತಟ್ಟಿತು. ಮೇಸ್ತ್ರಿ ತಿರುಗಿ ನೋಡಿದರು. ಹೆಂಡತಿ ಎದ್ದು ನಿಂತು ಎರಡು ಬೆರಳು ಎತ್ತಿ, ಮೂರನೆಯದನ್ನು ಅರ್ಧ ಮಡಿಸಿ ತೋರಿಸುತ್ತಿದ್ದರು.

"ಎರಡೂವರೆ ಹೇಗೆ ಬಂತು ಮೇಸ್ತ್ರೀ?" ಎಂದರು ಟೀಚರ್ ಆಮೇಲೆ.

"ನಿಮ್ಮಾಣೆಗೂ ಗೊತ್ತಿಲ್ಲ."

ಮನೆಗೆ ಹೊರಟು ಮೂವರೂ ಬಸ್ ನಿಲ್ದಾಣದಲ್ಲಿ ನಿಂತರು. ಭಾನುವಾರವಾದ್ದರಿಂದ ಬೀದಿ ಖಾಲಿ. ಹೆಂಡತಿ ಕೈಚೀಲವನ್ನು ಅತ್ತೆಯ ಕೈಗೆ ಕೊಟ್ಟು, ಮುಚ್ಚಿದ ಅಂಗಡಿಯೊಂದರ ಮುಂದಿನ ನುಣ್ಣನೆಯ ಕಲ್ಲಿನ ಮೇಲೆ ನಿಂತರು.

"ರೀ, ಹೇಗೆ ಶುರು ಮಾಡೋದು? ಈ ಕಾಲು ಮುಂದೇನಾ?"

"ಈಗ್ಲೇ ಪೂರ್ತಿ ಸುತ್ತೋಕೆ ಹೋಗ್ಬೇಡ. ಮೊದ್ಲು ಕಾಲು ಸುತ್ತು. ನನಗೆ ನಾಲ್ಕು ತಿಂಗಳು ಬೇಕಾಯ್ತು..."

ಅವರ ಮಾತು ಮುಗಿದಿರಲಿಲ್ಲ. ಹೆಂಡತಿ ನೆಟ್ಟಗೆ ಏರಿ, ಒಂದು ಸುತ್ತು ಪೂರ್ತಿ ಸುತ್ತಿ, ಹೊರಟಲ್ಲಿಗೇ ಬಂದು ನಿಂತರು. ಜಡೆ ಮಾತ್ರ ಒಂದು ಕ್ಷಣ ತಡವಾಗಿ ಬಂತು.

"ಇಷ್ಟೇನಾ?" ಎಂದರು.

ಮೇಸ್ತ್ರಿ ಬಾಯಿ ತೆರೆದು ನಿಂತಿದ್ದರು. "ಇನ್ನೊಂದ್ಸಲ ಮಾಡು," ಎನ್ನುವಷ್ಟರಲ್ಲಿ ಹೆಂಡತಿ ಮಾಡುತ್ತಲೇ ಇದ್ದರು. ಮೂರನೇ ಸಲಕ್ಕೆ ಇಬ್ಬರೂ ಒಟ್ಟಿಗೆ ಸುತ್ತಿ, ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು, ಅಂಗಡಿಯ ಕಬ್ಬಿಣದ ಬಾಗಿಲು ಹಿಡಿದು ನಕ್ಕರು.

"ಬಸ್ಸು ಬಂತು," ಎಂದರು ತಾಯಿ. ಸ್ವಲ್ಪ ಹೊತ್ತಾದ ಮೇಲೆ, "ಬಸ್ಸು ಹೋಯ್ತು," ಎಂದರು.

ಮುಂದಿನ ಭಾನುವಾರ ಮೇಸ್ತ್ರಿಗೆ ಎರಡು ಸುತ್ತು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಬೇಕೆಂದಾಗ ಎರಡು ಸುತ್ತು ಬರುವುದಕ್ಕೆ ಮತ್ತೆ ಮೂರು ತಿಂಗಳು ಹಿಡಿಯಿತು. ಎರಡೂವರೆ ಮಾತ್ರ ಇವತ್ತಿನ ತನಕ ಇನ್ನೊಮ್ಮೆ ಬಂದಿಲ್ಲ. ಹೆಂಡತಿ ತರಗತಿಗೆ ಸೇರಲಿಲ್ಲ, ಹೊಲಿಗೆ ಕೆಲಸ ರಾಶಿ ಇರುತ್ತದೆ. ಕಾಫಿಗೆ ಹಾಲು ಕಾಯಿಸುವಾಗ ಒಲೆಯ ಮುಂದೆ ದಿನಕ್ಕೊಂದು ಸುತ್ತು ಹಾಕುತ್ತಾರೆ, ಅವರಿಗೆ ಅಷ್ಟು ಸಾಕಂತೆ. ಮೇಸ್ತ್ರಿಗೆ ಈಗ ಐವತ್ಮೂರು. ಬಲಕ್ಕೆ ಎರಡು, ಎಡಕ್ಕೆ ಕಷ್ಟಪಟ್ಟು ಒಂದು. ಬೆಳಿಗ್ಗೆ ಐದೂವರೆಗೆ ಎಡಕ್ಕೆ ತಿರುಗುವ ಅಭ್ಯಾಸ ನಡೆದಿದೆ.